ಹಾವಿನ ಬಾಯಲ್ಲಿ ಮನುಷ್ಯ: ಮಿಲಾನ್ ಡಚಿಯ ಬೆಳ್ಳಿ ನಾಣ್ಯಗಳನ್ನು ಗುರುತಿಸುವುದು ಹೇಗೆ

ಹಳೆಯ ನಾಣ್ಯ ಕೂಡಿಡುವ ಕನ್ನಡಿಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಯುರೋಪಿನ ಹರಾಜಿನಲ್ಲಿ ಒಂದು ಬೆಳ್ಳಿ ನಾಣ್ಯ ತೆಗೆದುಕೊಂಡೆ. ಒಂದು ಬದಿಯಲ್ಲಿ ಸುರುಳಿ ಸುತ್ತಿದ ಹಾವು, ಅದರ ಬಾಯಲ್ಲಿ ಅರ್ಧ ಮನುಷ್ಯ. ಇನ್ನೊಂದು ಬದಿಯಲ್ಲಿ ಪೀಠದ ಮೇಲೆ ಕೂತ ಸಂತ. ಅಕ್ಷರ ಓದಲಾಗುತ್ತಿಲ್ಲ. ಇದು ಎಲ್ಲಿಯದು, ಯಾರದು, ಅಸಲಿಯೇ?"

ಎಲ್ಲಿಯದು ಎಂಬುದಕ್ಕೆ ಉತ್ತರ ಸುಲಭ. ಅದು ಇಟಲಿಯ ಮಿಲಾನ್. ಯಾರದು, ಯಾವಾಗಿನದು, ಅಸಲಿಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ನಾಣ್ಯದ ಮೇಲೆಯೇ ಇದೆ, ಆದರೆ ನೀವೇ ಓದಿಕೊಳ್ಳಬೇಕು. ಮಾರುವವರ ಚೀಟಿಯಲ್ಲಿ ಬರೆದ ಹೆಸರನ್ನು ಹಾಗೇ ನಂಬಬೇಡಿ. ಈ ನಾಣ್ಯಗಳಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಆಳರಸರು ಬರುತ್ತಾರೆ, ಚೀಟಿಗಳು ತಪ್ಪುವುದು ಅಲ್ಲಿಯೇ. ಲ್ಯಾಟಿನ್ ಬಾರದಿದ್ದರೂ ಪರವಾಗಿಲ್ಲ. ಇಂಗ್ಲಿಷ್ ಅಕ್ಷರ ಗೊತ್ತಿದ್ದು ತಾಳ್ಮೆ ಇದ್ದರೆ ಸಾಕು.

ಮೊದಲು ಸ್ವಲ್ಪ ಹಿನ್ನೆಲೆ. ವಿಸ್ಕೊಂಟಿ ಮನೆತನ 13ನೇ ಶತಮಾನದ ಕೊನೆಯಿಂದ ಮಿಲಾನನ್ನು ಆಳಿತು. 1395ರಲ್ಲಿ ಜಾನ್ ಗಲೆಯಾಟ್ಸೊ ವಿಸ್ಕೊಂಟಿ ಒಂದು ಲಕ್ಷ ಫ್ಲೋರಿನ್ ಚಿನ್ನದ ನಾಣ್ಯ ತೆತ್ತು, ಜರ್ಮನ್ ಅರಸ ವೆನ್ಸೆಸ್ಲಾಸನಿಂದ ಡ್ಯೂಕ್ ಪದವಿ ಪಡೆದ. ಅಂದಿನಿಂದ ಮಿಲಾನ್ ಒಂದು ಡಚಿ, ಅಂದರೆ ಡ್ಯೂಕ್ ಆಳುವ ಸಂಸ್ಥಾನ. ಹೆಸರಿಗೆ ಅದು ಪವಿತ್ರ ರೋಮನ್ ಸಾಮ್ರಾಜ್ಯದ ಸಾಮಂತ. ನಡೆಯಲ್ಲಿ ಪೂರ್ತಿ ಸ್ವತಂತ್ರ: ತನ್ನದೇ ಸೈನ್ಯ, ತನ್ನದೇ ತೆರಿಗೆ, ತನ್ನದೇ ಟಂಕಸಾಲೆ. 1447ರಲ್ಲಿ ವಿಸ್ಕೊಂಟಿ ವಂಶದ ಗಂಡುಸಂತಾನ ಮುಗಿಯಿತು. ಊರಿನವರು ಮೂರು ವರ್ಷ ಗಣರಾಜ್ಯ ನಡೆಸಿದರು. 1450ರಲ್ಲಿ ದಂಡನಾಯಕ ಫ್ರಾಂಚೆಸ್ಕೊ ಸ್ಫೋರ್ಟ್ಸಾ ಡ್ಯೂಕ್ ಆದ. ಅವನ ವಂಶವನ್ನು 1499–1500ರಲ್ಲಿ ಫ್ರಾನ್ಸಿನ ದೊರೆ ಹನ್ನೆರಡನೇ ಲೂಯಿ ಕೆಳಗಿಳಿಸಿದ. ಈ ಲೇಖನ ಈ ನೂರು ವರ್ಷದ ಬೆಳ್ಳಿಯ ಬಗ್ಗೆ ಮಾತ್ರ.

ಏನೇನು ಬೇಕು

0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ವ್ಯಾಸ ಅಳೆಯುವ ಕ್ಯಾಲಿಪರ್, ಬಾಗಿಸಬಲ್ಲ ಟೇಬಲ್ ಲ್ಯಾಂಪ್. ಒಂದು ನೋಟ್‌ಬುಕ್ ಇರಲಿ. ಬೆಳಕನ್ನು ಮೇಲಿನಿಂದ ಬಿಡಬೇಡಿ, ಪಕ್ಕದಿಂದ ತಗ್ಗಿನಲ್ಲಿ ಬೀಳುವಂತೆ ಇಡಿ. ಸವೆದ ಅಕ್ಷರ ಎದ್ದು ಕಾಣುವುದು ನೆರಳಿನಿಂದ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಿ. ತೆಳು ನಾಣ್ಯ ಬಿದ್ದರೆ ಬಿರುಕು ಬಿಡುತ್ತದೆ.

ಹಂತ 1: ತೂಗಿ, ಅಳೆಯಿರಿ

ಅಕ್ಷರ ಓದುವ ಮೊದಲೇ ತೂಕ ನೋಡಿ. ಯಾವ ಮುಖಬೆಲೆಯ ನಾಣ್ಯ ಎಂಬುದು ಅರ್ಧ ಅಲ್ಲೇ ತಿಳಿಯುತ್ತದೆ.

ಲೆಕ್ಕದ ಪದ್ಧತಿ ಹೀಗಿತ್ತು: 12 ದೆನಾರೊ ಸೇರಿ 1 ಸೋಲ್ದೊ, 20 ಸೋಲ್ದೊ ಸೇರಿ 1 ಲೀರಾ. ಅಂದರೆ ಒಂದು ಲೀರಾಕ್ಕೆ 240 ದೆನಾರೊ. ಶತಮಾನಗಟ್ಟಲೆ ಲೀರಾ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ಕೈಗೆ ಸಿಗುವ ನಾಣ್ಯವಾಗಿರಲಿಲ್ಲ.

ಕೈಗೆ ಸಿಗುತ್ತಿದ್ದವು ಇವು. ದೆನಾರೊ ಎಲ್ಲಕ್ಕಿಂತ ಚಿಕ್ಕದು, ಒಂದು ಗ್ರಾಮಿಗೂ ಕಡಿಮೆ, ಬಣ್ಣದಲ್ಲಿ ಹೆಚ್ಚುಕಡಿಮೆ ತಾಮ್ರ. ಟ್ರಿಲ್ಲೀನಾ ಎಂದರೆ 3 ದೆನಾರೊ. ಸೆಸೀನೊ ಎಂದರೆ 6 ದೆನಾರೊ, ಒಂದು ಗ್ರಾಮಿನ ಆಸುಪಾಸು. ಇವು ಬಿಲ್ಲನ್‌ನಲ್ಲಿ ಮಾಡಿದವು. ಬೆಳ್ಳಿಗಿಂತ ತಾಮ್ರವೇ ಹೆಚ್ಚಿರುವ ಮಿಶ್ರಲೋಹಕ್ಕೆ ಬಿಲ್ಲನ್ ಎನ್ನುತ್ತಾರೆ. ಪೆಜ್ಜೋನೆ ಎಂಬುದು ಒಂದೂವರೆ ಸೋಲ್ದೊ ಬೆಲೆಯ ಒಳ್ಳೆಯ ಬೆಳ್ಳಿ ನಾಣ್ಯ, ಸುಮಾರು ಎರಡೂವರೆ ಗ್ರಾಂ, ವ್ಯಾಸ 24–25 ಮಿಲಿಮೀಟರ್. ಇದನ್ನೇ ಗ್ರೊಸ್ಸೊ ಎಂದೂ ಕರೆಯುತ್ತಾರೆ; ಗ್ರೊಸ್ಸೊ ಎಂದರೆ ದೆನಾರೊಗಿಂತ ದಪ್ಪನೆಯ ಬೆಳ್ಳಿ ನಾಣ್ಯಗಳಿಗೆಲ್ಲ ಸಾಮಾನ್ಯ ಹೆಸರು. ಸ್ಫೋರ್ಟ್ಸಾ ಕಾಲದಲ್ಲಿ 5 ಸೋಲ್ದೊ ಬೆಲೆಯ ಗ್ರೊಸ್ಸೊ ಬಂತು, ಮೂರು ಗ್ರಾಮಿನ ಹತ್ತಿರ.

ಎಲ್ಲಕ್ಕೂ ದೊಡ್ಡದು ಟೆಸ್ಟೋನೆ. 1474ರಲ್ಲಿ ಗಲೆಯಾಟ್ಸೊ ಮರೀಯಾ ಸ್ಫೋರ್ಟ್ಸಾ ಹೊರಡಿಸಿದ ಈ ನಾಣ್ಯದ ಬೆಲೆ ಪೂರ್ತಿ ಒಂದು ಲೀರಾ. ತೂಕ ಸುಮಾರು 9.6 ಗ್ರಾಂ, ಬೆಳ್ಳಿಯ ಶುದ್ಧತೆ ಸುಮಾರು ಶೇ 96. ಅಲ್ಲಿಯವರೆಗೆ ಪುಸ್ತಕದಲ್ಲಿದ್ದ ಲೀರಾ ಮಿಲಾನಿನವರ ಅಂಗೈಗೆ ಬಂದದ್ದು ಹೀಗೆ. ವೆನಿಸ್ ಎರಡು ವರ್ಷ ಮೊದಲೇ, 1472ರಲ್ಲಿ, ತನ್ನ ಮುಖ್ಯಸ್ಥ ನಿಕೊಲೊ ಟ್ರೋನನ ಮುಖವಿರುವ ಲೀರಾ ಹೊರಡಿಸಿತ್ತು. ಆದರೆ ದಪ್ಪ ಬೆಳ್ಳಿಯ ಮೇಲೆ ಆಳುವವನ ನಿಜಮುಖ ಎಂಬ ರೂಢಿ ಯುರೋಪಿಗೆಲ್ಲ ಹರಡಲು ಮಿಲಾನಿನ ಟೆಸ್ಟೋನೆಯೇ ದೊಡ್ಡ ಕಾರಣ.

ಎಚ್ಚರಿಕೆ: ತೂಕ ಕಡಿಮೆ ಬಂದ ಮಾತ್ರಕ್ಕೆ ನಕಲಿ ಎಂದು ತೀರ್ಮಾನಿಸಬೇಡಿ. ಆ ಕಾಲದಲ್ಲಿ ಅಂಚು ಕತ್ತರಿಸಿ ಬೆಳ್ಳಿ ಕದಿಯುವುದು ಮಾಮೂಲು. ಅಂಚಿನ ಅಕ್ಷರಗಳು ಅರ್ಧ ತುಂಡಾಗಿದ್ದರೆ ಅದು ಕತ್ತರಿಸಿದ ನಾಣ್ಯ, ಅಸಲಿ ಆಗಿರಬಹುದು. ಅಕ್ಷರವೆಲ್ಲ ಪೂರ್ತಿ ಇದ್ದು, ಸವೆತವೂ ಇಲ್ಲದೆ, ತೂಕ ಮಾತ್ರ ತೀರ ಕಡಿಮೆ ಎಂದರೆ ಅನುಮಾನಿಸಿ.

ಹಂತ 2: ಚಿತ್ರ ಗುರುತಿಸಿ

ಹಾವಿಗೆ ಮಿಲಾನಿನಲ್ಲಿ ಬಿಶೋನೆ ಎಂದು ಹೆಸರು. ವಿಸ್ಕೊಂಟಿಗಳ ಲಾಂಛನ. ಆಲ್ಫಾ ರೋಮಿಯೊ ಕಾರಿನ ಗುರುತಿನಲ್ಲಿ ಇಂದಿಗೂ ಇರುವುದು ಇದೇ ಹಾವು. ಆ ಕಂಪನಿ 1910ರಲ್ಲಿ ಹುಟ್ಟಿದ್ದು ಮಿಲಾನಿನಲ್ಲಿ. ಸ್ಫೋರ್ಟ್ಸಾಗಳು ಅಧಿಕಾರಕ್ಕೆ ಬಂದ ಮೇಲೂ ಹಾವನ್ನು ಬಿಡಲಿಲ್ಲ. ಹೀಗಾಗಿ ಹಾವು ನೋಡಿ ಊರು ಹೇಳಬಹುದು, ಆಳಿದವನನ್ನು ಹೇಳಲಾಗದು.

ಪೀಠದ ಮೇಲಿನ ಸಂತ ಅಂಬ್ರೋಸ್. ಅವನು 374ರಿಂದ 397ರವರೆಗೆ ಮಿಲಾನಿನ ಬಿಷಪ್ ಆಗಿದ್ದವನು, ಊರಿನ ಪೋಷಕ ಸಂತ. ತಲೆಯ ಮೇಲೆ ಎತ್ತರದ ಟೋಪಿ, ಸುತ್ತ ಪ್ರಭಾವಳಿ, ಒಂದು ಕೈಯಲ್ಲಿ ತುದಿ ಬಾಗಿದ ದಂಡ, ಇನ್ನೊಂದು ಕೈಯಲ್ಲಿ ಚಾವಟಿ. ಚಾವಟಿ ಕಂಡರೆ ಅಂಬ್ರೋಸ್ ಎಂಬುದು ಖಚಿತ. ಬೇರೆ ಊರಿನ ಬಿಷಪ್-ಸಂತರ ಕೈಯಲ್ಲಿ ಅದು ಇರುವುದಿಲ್ಲ.

ನಾಲ್ಕು ಭಾಗ ಮಾಡಿದ ಗುರಾಣಿಯಲ್ಲಿ ಹದ್ದು ಮತ್ತು ಹಾವು ಎದುರುಬದಿರು ಇದ್ದರೆ ಅದು ಡಚಿಯಾದ ನಂತರದ ನಾಣ್ಯ. ಹದ್ದು ಸಾಮ್ರಾಜ್ಯದ ಗುರುತು, ಡ್ಯೂಕ್ ಪದವಿಯೊಂದಿಗೆ ಲಾಂಛನಕ್ಕೆ ಸೇರಿಕೊಂಡದ್ದು. ಒಂಟಿ ಹಾವು ಮಾತ್ರ ಇದ್ದರೆ ಮೊದಲಿನದೂ ಆಗಿರಬಹುದು, ಆಮೇಲಿನದೂ ಆಗಿರಬಹುದು.

ಉರಿಯುವ ಕೊಳ್ಳಿಗಳಿಗೆ ನೀರಿನ ಬಕೆಟ್ ತೂಗುಹಾಕಿದ ವಿಚಿತ್ರ ಚಿತ್ರ ಕಾಣಿಸಿದರೆ ಗಾಬರಿ ಬೇಡ. ಅದೂ ವಿಸ್ಕೊಂಟಿಗಳ ಗುರುತು, ಸ್ಫೋರ್ಟ್ಸಾಗಳು ಮುಂದುವರಿಸಿದರು. ಕೆಲವು ಕ್ಯಾಟಲಾಗ್ ಚಿತ್ರಗಳಲ್ಲಿ ಇದು ಮರದ ಕೊಂಬೆಯ ಹಾಗೆ ಕಾಣುತ್ತದೆ, ಭೂತಗನ್ನಡಿಯಲ್ಲಿ ನೋಡಿ.

ಹಂತ 3: ಅಂಚುಬರಹ ಓದುವುದು

ನಾಣ್ಯದ ಅಂಚಿನ ಸುತ್ತ ಬರೆದ ಸಾಲಿಗೆ ಅಂಚುಬರಹ ಎನ್ನೋಣ. ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಆತುರ ಬೇಡ.

ಮೊದಲು ಆರಂಭ ಹುಡುಕಿ. ಹೆಚ್ಚಿನ ನಾಣ್ಯಗಳಲ್ಲಿ ಮೇಲ್ಭಾಗದಲ್ಲಿ ಒಂದು ಪುಟ್ಟ ಶಿಲುಬೆ ಇರುತ್ತದೆ. ಬರಹ ಅಲ್ಲಿಂದ ಹೊರಟು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ, ದೇವಸ್ಥಾನದಲ್ಲಿ ನಾವು ಪ್ರದಕ್ಷಿಣೆ ಹಾಕುವ ಹಾಗೆ. ಟೆಸ್ಟೋನೆಗಳಲ್ಲಿ ಶಿಲುಬೆಯ ಬದಲು ಟೋಪಿ ತೊಟ್ಟ ಒಂದು ಪುಟ್ಟ ತಲೆ ಇರುತ್ತದೆ. ಅದು ಸಂತ ಅಂಬ್ರೋಸನ ತಲೆ, ಮಿಲಾನ್ ಟಂಕಸಾಲೆಯ ಮುದ್ರೆ.

ಇನ್ನು ಅಕ್ಷರಗಳು. ವಿಸ್ಕೊಂಟಿ ಕಾಲದ ಅಕ್ಷರಗಳು ಗೋಥಿಕ್ ಶೈಲಿಯವು: 'ಇ' ದುಂಡಗೆ ಮುಚ್ಚಿಕೊಂಡಿರುತ್ತದೆ, 'ಎಂ' ಉಬ್ಬಿಕೊಂಡಿರುತ್ತದೆ, 'ಎನ್' ದೊಡ್ಡ ಗಾತ್ರದ ಸಣ್ಣಕ್ಷರದಂತೆ ಕಾಣುತ್ತದೆ. ಟೆಸ್ಟೋನೆಯ ಹೊತ್ತಿಗೆ ಪ್ರಾಚೀನ ರೋಮಿನ ನೇರ, ಸ್ಪಷ್ಟ ಅಕ್ಷರಗಳು ಬಂದವು, ಅವನ್ನು ಓದುವುದು ಬಹಳ ಸುಲಭ. 'ಯು' ಇರಬೇಕಾದ ಕಡೆಯೆಲ್ಲ 'ವಿ' ಇರುತ್ತದೆ, 'ಜೆ' ಇರಬೇಕಾದ ಕಡೆ 'ಐ'. ಈ ಲೇಖನದಲ್ಲಿ ಅಂಚುಬರಹಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಡುಕ್ಸ್ (ಅಂದರೆ ಡ್ಯೂಕ್) ಎಂದು ನಾನು ಬರೆದದ್ದು ನಾಣ್ಯದ ಮೇಲೆ ಡಿ, ವಿ, ಎಕ್ಸ್ ಎಂದು ಕಾಣುತ್ತದೆ.

ಬಹಳ ಮಂದಿ ಎಡವುವ ಜಾಗ ಒಂದಿದೆ. ಅಂಚುಬರಹದಲ್ಲಿ ಪದೇ ಪದೇ 3 ಎಂಬ ಅಂಕಿಯಂತಹ ಗುರುತು ಬರುತ್ತದೆ. ಇದು ಅಂಕಿಯಲ್ಲ. ಇಸವಿಯಲ್ಲ, ಮೂರನೆಯ ಡ್ಯೂಕ್ ಎಂದೂ ಅಲ್ಲ, ಮುಖಬೆಲೆಯೂ ಅಲ್ಲ. ಲಿಪಿಕಾರರ ಸಂಕ್ಷಿಪ್ತ ಚಿಹ್ನೆ. 'ಸಿ' ಅಕ್ಷರಕ್ಕಿಂತ ಮೊದಲು ಬಂದರೆ 'ಎಟ್ ಸೆಟೆರಾ', ಅಂದರೆ ಇತ್ಯಾದಿ. 'ಕ್ಯೂ' ಅಕ್ಷರದ ನಂತರ ಬಂದರೆ 'ಕ್ವೆ', ಅಂದರೆ ಮತ್ತು. 'ಜಿ' ಜೊತೆ ಬಂದರೆ ಅದು 'ಝಡ್', ಗಲೆಯಾಟ್ಸೊ ಎಂಬ ಹೆಸರಿನ ತುಂಡು. ಆ 'ಇತ್ಯಾದಿ' ಸುಮ್ಮನೆ ಜಾಗ ತುಂಬಲು ಹಾಕಿದ್ದಲ್ಲ. ಆಳುವ ಊರುಗಳ ಪಟ್ಟಿ ಅಂಚಿನಲ್ಲಿ ಹಿಡಿಸದಷ್ಟು ಉದ್ದ ಎಂಬ ಹಕ್ಕುಸಾಧನೆ ಅದು.

ಇನ್ನೊಂದು: ಈ ನಾಣ್ಯಗಳಲ್ಲಿ ಇಸವಿ ಇರುವುದಿಲ್ಲ. ಇಸವಿ ಹುಡುಕುತ್ತ ಕೂರಬೇಡಿ. ಕಾಲ ತಿಳಿಯುವುದು ಹೆಸರು ಮತ್ತು ಬಿರುದುಗಳಿಂದ.

ಓದಿದ ಅಕ್ಷರಗಳನ್ನು ಕ್ರಮವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಾಣದ ಅಕ್ಷರಕ್ಕೆ ಚುಕ್ಕೆ ಇಡಿ, ಊಹಿಸಿ ತುಂಬಬೇಡಿ. ಊಹೆ ಒಮ್ಮೆ ಕಾಗದದ ಮೇಲೆ ಬಂದರೆ ಮುಂದಿನ ಹಂತದಲ್ಲಿ ಕಣ್ಣು ಅದನ್ನೇ ಕಾಣತೊಡಗುತ್ತದೆ.

ಹಂತ 4: ಬಿರುದಿನಿಂದ ಡ್ಯೂಕನನ್ನು ಹಿಡಿಯಿರಿ

ಈಗ ಒಬ್ಬೊಬ್ಬರನ್ನೇ ನೋಡೋಣ.

*ಕೋಮೆಸ್ ವಿರ್ಟುಟುಮ್* ಎಂದು ಓದಿದಿರಾ? ಅದು ಮೊದಲ ಡ್ಯೂಕ್ ಜಾನ್ ಗಲೆಯಾಟ್ಸೊ. ಫ್ರಾನ್ಸಿನ ರಾಜಕುಮಾರಿ ಇಸಬೆಲಾಳನ್ನು ಮದುವೆಯಾದಾಗ ಶಾಂಪೇನ್ ಪ್ರಾಂತದ ವೆರ್ತ್ಯು ಎಂಬ ಊರಿನ ಕೌಂಟ್ ಪದವಿ ಬಳುವಳಿಯಾಗಿ ಬಂತು, ಆ ಬಿರುದು ಇದು. ಡ್ಯೂಕ್ ಆದವನ ನಾಣ್ಯದಲ್ಲಿ ಡುಕ್ಸ್ ಎಂದೇ ಇರಬೇಕು ಎಂದುಕೊಂಡು ಬಹಳ ಜನ ಈ ನಾಣ್ಯಗಳನ್ನು ಬೇರೆ ಯಾರದೋ ಎಂದು ತೆಗೆದಿಡುತ್ತಾರೆ. ಇವನ ಬಹುಪಾಲು ಬೆಳ್ಳಿಯಲ್ಲಿ ಕಾಣುವುದು ಕೌಂಟ್ ಬಿರುದೇ. ಆದ್ದರಿಂದ ಆ ಬಿರುದಿನ ಪೆಜ್ಜೋನೆ 1395ಕ್ಕಿಂತ ಮೊದಲಿನದೋ ನಂತರದ್ದೋ ಎಂದು ಅದೊಂದರಿಂದಲೇ ಹೇಳಬೇಡಿ. ಪೆಜ್ಜೋನೆಯ ಮೇಲೆ ನಾಲ್ಕು ಕಮಾನಿನ ಚೌಕಟ್ಟಿನೊಳಗೆ ಹಾವು, ಅದರ ಎರಡೂ ಬದಿಗೆ 'ಜಿ' ಮತ್ತು 'ಝಡ್'. ಹಿಂಬದಿಯಲ್ಲಿ ಕೂತ ಅಂಬ್ರೋಸ್. ಸೆಸೀನೊದ ಹಿಂಬದಿಯಲ್ಲಿ ಹೂತುದಿಯ ಶಿಲುಬೆ, ಸುತ್ತ *ದೊಮಿನುಸ್ ಮೆದಿಯೊಲಾನಿ ವೆರೋನೆ* ಎಂಬುದರ ಸಂಕ್ಷೇಪ, ಅಂದರೆ ಮಿಲಾನ್ ಮತ್ತು ವೆರೋನಾದ ಒಡೆಯ. ವೆರೋನಾ ಅವನ ಕೈಸೇರಿದ್ದು 1387ರಲ್ಲಿ. ಹಾಗಾಗಿ ವೆರೋನಾ ಹೆಸರಿರುವ ಸೆಸೀನೊ ಆ ವರ್ಷಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸಬರು ಈ ಸೆಸೀನೊದಿಂದಲೇ ಶುರುಮಾಡಿ ಎನ್ನುವುದು ನನ್ನ ಸಲಹೆ. ಬೇಕಾದಷ್ಟು ಸಿಗುತ್ತವೆ, ಹೆಚ್ಚು ದುಬಾರಿಯಲ್ಲ, ಓದಲೂ ಕಲಿಸುತ್ತವೆ.

*ವಿಚೆಕೋಮೆಸ್* ಎಂದಿದ್ದರೆ ಅದನ್ನು ಕೋಮೆಸ್ ಜೊತೆ ಕಲಸಿಕೊಳ್ಳಬೇಡಿ. ವಿಚೆಕೋಮೆಸ್ ಎಂಬುದು ವಿಸ್ಕೊಂಟಿ ಎಂಬ ಮನೆತನದ ಹೆಸರಿನ ಲ್ಯಾಟಿನ್ ರೂಪ, ಎಲ್ಲ ವಿಸ್ಕೊಂಟಿಗಳಿಗೂ ಅನ್ವಯ. ಗಲೆಯಾಟ್ಸ್ ವಿಚೆಕೋಮೆಸ್ ಎಂದಿದ್ದು, ಡುಕ್ಸ್ ಎಂಬ ಪದ ಇಲ್ಲದಿದ್ದರೆ ಅದು ಬಹುಶಃ ಜಾನ್ ಗಲೆಯಾಟ್ಸೊನ ಅಪ್ಪ, ಎರಡನೇ ಗಲೆಯಾಟ್ಸೊ, 1378ರಲ್ಲಿ ತೀರಿಕೊಂಡವನು. ಬೆರ್ನಬೋಸ್ ಎಂದಿದ್ದರೆ ಆ ಅಪ್ಪನ ಸೋದರ ಬೆರ್ನಬೊ. ಅವನನ್ನು 1385ರಲ್ಲಿ ಸೆರೆಹಿಡಿದು ಜಾನ್ ಗಲೆಯಾಟ್ಸೊ ಏಕೈಕ ಒಡೆಯನಾದ. ಈ ಇಬ್ಬರೂ ಡಚಿಗಿಂತ ಹಿಂದಿನವರು. ಮಾರುವವರು ಇವನ್ನೂ ಡಚಿಯ ನಾಣ್ಯ ಎಂದೇ ಮಾರುತ್ತಾರೆ.

*ಯೊಹಾನೆಸ್ ಮರೀಯಾ ಡುಕ್ಸ್* ಎಂದರೆ ಎರಡನೇ ಡ್ಯೂಕ್ ಜೊವಾನ್ನಿ ಮರೀಯಾ, 1402ರಿಂದ 1412. ಚರ್ಚಿನಲ್ಲಿ ಕೊಲೆಯಾದವನು. *ಫಿಲಿಪುಸ್ ಮರೀಯಾ ಡುಕ್ಸ್* ಎಂದರೆ ಅವನ ತಮ್ಮ, 1412ರಿಂದ 1447. ಇವರಲ್ಲಿ ಗೊಂದಲವಿಲ್ಲ, ಹೆಸರು ಓದಿದರೆ ಆಯಿತು. ಆಳರಸನ ಹೆಸರೇ ಇಲ್ಲದೆ *ಕೊಮುನಿಟಾಸ್ ಮೆದಿಯೊಲಾನಿ*, ಅಂದರೆ ಮಿಲಾನ್ ಸಮುದಾಯ, ಎಂದಿದ್ದರೆ ಅದು 1447–1450ರ ಗಣರಾಜ್ಯದ್ದು. ಮೂರೇ ವರ್ಷದ ಆಳ್ವಿಕೆಯಾದ್ದರಿಂದ ಬೆಲೆ ಹೆಚ್ಚು.

*ಫ್ರಾಂಚಿಸ್ಕುಸ್ ಸ್ಫೋರ್ಟಿಯಾ ವಿಚೆಕೋಮೆಸ್ ಡುಕ್ಸ್* ಎಂಬುದನ್ನು ಗಮನಿಸಿ. ಫ್ರಾಂಚೆಸ್ಕೊ ಹುಟ್ಟಿನಿಂದ ವಿಸ್ಕೊಂಟಿ ಅಲ್ಲ. ಫಿಲಿಪ್ಪೊ ಮರೀಯಾನ ಮಗಳು ಬಿಯಾಂಕಾ ಮರೀಯಾಳನ್ನು ಮದುವೆಯಾದವನು. ಮಾವನ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಪ್ರತಿ ನಾಣ್ಯದಲ್ಲೂ ಊರಿಗೆ ನೆನಪಿಸಿದ. ಚಿಕ್ಕ ನಾಣ್ಯಗಳಲ್ಲಿ ಇದು 'ಎಫ್ಆರ್ ಎಸ್ಎಫ್' ಎಂದಷ್ಟೇ ಉಳಿಯುತ್ತದೆ. 'ಎಸ್ಎಫ್' ಎಂಬ ಜೋಡಿ ಕಂಡರೆ ಸ್ಫೋರ್ಟ್ಸಾ ಕಾಲ ಎಂದು ಬರೆದುಕೊಳ್ಳಿ.

ಗಲೆಯಾಟ್ಸೊ ಮರೀಯಾ, 1466ರಿಂದ 1476. ಟೆಸ್ಟೋನೆಯ ಮೇಲೆ ಬಲಕ್ಕೆ ತಿರುಗಿದ, ಕವಚ ತೊಟ್ಟ ಎದೆಮಟ್ಟದ ಚಿತ್ರ, ಗಿಡುಗಮೂಗು. ಬರಹದ ಕೊನೆಯಲ್ಲಿ *ಕ್ವಿಂಟುಸ್* ಎಂಬುದರ ಸಂಕ್ಷೇಪ, ಐದನೆಯವನು ಎಂದು. ಎಣಿಸಿ ನೋಡಿ: ಜಾನ್ ಗಲೆಯಾಟ್ಸೊ, ಜೊವಾನ್ನಿ ಮರೀಯಾ, ಫಿಲಿಪ್ಪೊ ಮರೀಯಾ, ಫ್ರಾಂಚೆಸ್ಕೊ, ಇವನು. ಸ್ಫೋರ್ಟ್ಸಾ ವಂಶದಲ್ಲಿ ಇವನು ಎರಡನೆಯವನು. ಆದರೂ ವಿಸ್ಕೊಂಟಿಗಳನ್ನು ಸೇರಿಸಿಯೇ ಎಣಿಕೆ ಮುಂದುವರಿಯಿತು. ಹಿಂಬದಿಯಲ್ಲಿ ಹಾವು ಕೂತ ಶಿರಸ್ತ್ರಾಣ, ಎರಡೂ ಬದಿಗೆ ಬಕೆಟ್ ತೂಗುವ ಕೊಳ್ಳಿಗಳು. ಸುತ್ತಲಿನ ಬರಹವನ್ನು ಬಿಡಿಸಿದರೆ: ಪಾವಿಯಾ ಮತ್ತು ಆಂಗೇರಾದ ಕೌಂಟ್, ಜೆನೋವಾದ ಒಡೆಯ, ಇತ್ಯಾದಿ. ಇಲ್ಲಿ *ಆಂಗ್ಲೆ* ಎಂದು ಕಂಡು ಇಂಗ್ಲೆಂಡ್ ಎಂದುಕೊಳ್ಳುವವರಿದ್ದಾರೆ. ಅದು ಮಜ್ಜೋರೆ ಸರೋವರದ ದಡದ ಆಂಗೇರಾ. 1476ರ ಡಿಸೆಂಬರ್ 26ರಂದು ಇವನನ್ನೂ ಚರ್ಚಿನಲ್ಲೇ ಕೊಂದರು.

ಅವನ ಮಗ ಜಾನ್ ಗಲೆಯಾಟ್ಸೊ ಮರೀಯಾ ಆಗ ಏಳು ವರ್ಷದ ಹುಡುಗ. ಮುಂದಿನ ಹದಿನೆಂಟು ವರ್ಷದ ನಾಣ್ಯಗಳನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ, ಅರಮನೆಯೊಳಗೆ ಅಧಿಕಾರ ಕೈಬದಲಾದದ್ದೆಲ್ಲ ಅವುಗಳ ಮೇಲೆ ಅಚ್ಚಾಗಿದೆ. ಮೊದಲು ತಾಯಿ ಬೋನಾ ದಿ ಸವೋಯಾ ರಾಜ್ಯ ನೋಡಿಕೊಂಡಳು. ಆಗಿನ ಟೆಸ್ಟೋನೆಯ ಮುಂಬದಿಯಲ್ಲಿ ಮುಸುಕು ಹೊದ್ದ ಬೋನಾಳದೇ ಚಿತ್ರ, ಬರಹದಲ್ಲಿ ತಾಯಿ ಮಗ ಇಬ್ಬರ ಹೆಸರು. ಹಿಂಬದಿಯಲ್ಲಿ ಬೆಂಕಿಯ ಮೇಲೆ ಫೀನಿಕ್ಸ್ ಹಕ್ಕಿ, ಸುತ್ತ *ಸೋಲಾ ಫಾಕ್ಟಾ ಸೋಲುಮ್ ದೇಉಮ್ ಸೆಕ್ವೊರ್*: ಒಂಟಿಯಾದವಳು, ದೇವರೊಬ್ಬನನ್ನೇ ಅನುಸರಿಸುತ್ತೇನೆ. ಗಂಡನ ಕೊಲೆಯ ನಂತರದ ಮಾತು ಅದು. 1480ರಲ್ಲಿ ಚಿಕ್ಕಪ್ಪ ಲುದೊವಿಕೊ ಅಧಿಕಾರ ಕಿತ್ತುಕೊಂಡ. ಆಮೇಲಿನ ನಾಣ್ಯಗಳಲ್ಲಿ ಹುಡುಗನ ಹೆಸರಿನ ಜೊತೆ *ಸೆಕ್ಸ್ಟುಸ್* (ಆರನೆಯವನು) ಎಂಬುದರ ಸಂಕ್ಷೇಪ. ಹಿಂಬದಿಯಲ್ಲಿ *ಲುದೊವಿಕೊ ಪಾಟ್ರುವೊ ಗುಬೆರ್ನಾಂಟೆ*, ಚಿಕ್ಕಪ್ಪ ಲುದೊವಿಕೊನ ಆಡಳಿತದಲ್ಲಿ ಎಂದು. ಒಂದು ಬಗೆಯ ಟೆಸ್ಟೋನೆಯಲ್ಲಿ ಹಿಂಬದಿಗೆ ಚಿಕ್ಕಪ್ಪನ ಮುಖವೇ ಬಂದಿದೆ. ಒಂದು ನಾಣ್ಯ, ಎರಡು ಮುಖ, ಎರಡನೆಯವನೇ ನಿಜವಾಗಿ ಆಳುವವನು.

1494ರಲ್ಲಿ ಹುಡುಗ ಪಾವಿಯಾದಲ್ಲಿ ತೀರಿಕೊಂಡ. ಲುದೊವಿಕೊ ತಾನೇ ಡ್ಯೂಕ್ ಆದ. ಲಿಯೊನಾರ್ಡೊ ದಾ ವಿಂಚಿಗೆ ಆಶ್ರಯ ಕೊಟ್ಟ ಲುದೊವಿಕೊ ಇವನೇ. ಈಗ ಬರಹ *ಲುದೊವಿಕುಸ್ ಎಂ ಎಸ್ಎಫ್ ಆಂಗ್ಲುಸ್ ಡುಕ್ಸ್* ಎಂದಿರುತ್ತದೆ. ಆಂಗ್ಲುಸ್ ಎಂದರೆ ಇಲ್ಲೂ ಇಂಗ್ಲಿಷಿನವನಲ್ಲ. ಆಂಗೇರಾದ ಮೂಲಪುರುಷನೆಂದು ಕಥೆ ಕಟ್ಟಿದ ಪೂರ್ವಜನ ಹೆಸರು.

ಕೊನೆಯ ಬಲೆ. ಲುದೊವಿಕುಸ್ ಎಂದು ಓದಿದ ಕೂಡಲೇ ಲುದೊವಿಕೊ ಸ್ಫೋರ್ಟ್ಸಾ ಎಂದು ಬರೆಯಬೇಡಿ. ಅವನನ್ನು ಸೋಲಿಸಿದ ಹನ್ನೆರಡನೇ ಲೂಯಿಯ ಹೆಸರೂ ಲ್ಯಾಟಿನ್‌ನಲ್ಲಿ ಲುದೊವಿಕುಸ್. ಅವನೂ ಮಿಲಾನಿನಲ್ಲೇ, ಹಾವಿನ ಚಿತ್ರ ಉಳಿಸಿಕೊಂಡೇ ನಾಣ್ಯ ಅಚ್ಚುಹಾಕಿಸಿದ. ಅವನ ಅಜ್ಜಿ ವಾಲೆಂಟೀನಾ ಮೊದಲ ಡ್ಯೂಕನ ಮಗಳು, ಹಕ್ಕು ಕೇಳಿದ್ದು ಆ ನಂಟಿನ ಮೇಲೆ. ಹೆಸರಿನ ಮುಂದೆ 'ಎಸ್ಎಫ್' ಇದೆಯೇ, *ಫ್ರಾಂಕೋರುಮ್ ರೆಕ್ಸ್* (ಫ್ರೆಂಚರ ಅರಸ) ಇದೆಯೇ, ಲಿಲ್ಲಿ ಹೂವಿನ ಗುರುತು ಇದೆಯೇ ನೋಡಿ.

ಹಂತ 5: ಮಿಲಾನಿನದೇ ಎಂದು ಖಚಿತಪಡಿಸಿಕೊಳ್ಳಿ

ಮಿಲಾನ್ ಡ್ಯೂಕರ ಹೆಸರಿರುವ ಎಲ್ಲ ನಾಣ್ಯವೂ ಮಿಲಾನಿನದಲ್ಲ. ಜೆನೋವಾ ಕೆಲವು ಕಾಲ ಇವರ ಕೈಕೆಳಗಿತ್ತು: ಫಿಲಿಪ್ಪೊ ಮರೀಯಾನಡಿ 1421ರಿಂದ 1435, ಸ್ಫೋರ್ಟ್ಸಾಗಳಡಿ 1464ರಿಂದ ಆಗಾಗ. ಅಲ್ಲಿನ ನಾಣ್ಯಗಳಲ್ಲಿ ಡ್ಯೂಕನ ಹೆಸರು ಇದ್ದರೂ ನಡುವೆ ಜೆನೋವಾದ ಕೋಟೆಬಾಗಿಲು, ಹಿಂಬದಿಯಲ್ಲಿ *ಕೊನ್ರಾದುಸ್ ರೆಕ್ಸ್*. ಜೆನೋವಾಕ್ಕೆ 1138ರಲ್ಲಿ ನಾಣ್ಯ ಅಚ್ಚುಹಾಕುವ ಹಕ್ಕು ಕೊಟ್ಟ ಅರಸ ಕೊನ್ರಾಡ್ ಅವನು. ಅಂಬ್ರೋಸ್ ಇಲ್ಲ, ಕೋಟೆಬಾಗಿಲಿದೆ ಎಂದರೆ ಮಿಲಾನ್ ಪಟ್ಟಿಯಿಂದ ತೆಗೆಯಿರಿ.

ಹಂತ 6: ಅಸಲಿಯೇ?

ಟೆಸ್ಟೋನೆಗಳ ನಕಲು ಬಹಳ, ಅದರಲ್ಲೂ ಬೋನಾಳದ್ದು. ಸೆಸೀನೊಗಳಿಗೆ ಆ ಭಯ ಕಡಿಮೆ, ಶ್ರಮಕ್ಕೆ ತಕ್ಕ ಲಾಭ ಇಲ್ಲದ್ದರಿಂದ.

ಅಸಲಿ ನಾಣ್ಯವನ್ನು ಸುತ್ತಿಗೆಯಿಂದ ಬಡಿದು ಮಾಡಿದ್ದು. ಕೆಳಗೊಂದು ಅಚ್ಚು, ನಡುವೆ ಬೆಳ್ಳಿ ಬಿಲ್ಲೆ, ಮೇಲೊಂದು ಅಚ್ಚು, ಒಂದು ಪೆಟ್ಟು. ಹೀಗಾಗಿ ಚಿತ್ರ ನಡುವಿನಿಂದ ಸ್ವಲ್ಪ ಸರಿದಿರುವುದು, ಅಂಚು ವಕ್ರವಾಗಿರುವುದು, ಒಂದು ಭಾಗ ಮಂಕಾಗಿರುವುದು ಸಹಜ. ನಕಲಿ ಹೆಚ್ಚಾಗಿ ಎರಕದ್ದು, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದದ್ದು. ಭೂತಗನ್ನಡಿಯಲ್ಲಿ ಮೈಮೇಲೆ ಸೂಜಿಮೊನೆಯಂತಹ ಗುಳಿಗಳು ಕಾಣುತ್ತವೆ, ಅಕ್ಷರದ ಬುಡ ದುಂಡಗಾಗಿರುತ್ತದೆ, ಅಂಚಿನ ಸುತ್ತ ಒಂದು ಕೂಡುಗೆರೆ ಅಥವಾ ಅದನ್ನು ಉಜ್ಜಿ ತೆಗೆದ ಗುರುತು ಇರುತ್ತದೆ.

ಟೆಸ್ಟೋನೆಗೆ ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಒಳ್ಳೆಯ ಬೆಳ್ಳಿಯಾದರೆ ಉತ್ತರ 10.3–10.5ರ ನಡುವೆ ಬರಬೇಕು. ತೀರ ಕಡಿಮೆ ಬಂದರೆ ಲೋಹ ಬೇರೆ. ಆದರೆ ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ನಕಲಿಯನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಬಿಲ್ಲನ್ ನಾಣ್ಯಗಳಿಗೂ ಇದು ಉಪಯೋಗವಿಲ್ಲ, ತಾಮ್ರ ಎಷ್ಟಿರಬೇಕು ಎಂಬುದೇ ಅಲ್ಲಿ ಬದಲಾಗುತ್ತ ಹೋಯಿತು.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಹೋಲಿಕೆ. ಹಳೆಯ ಹರಾಜುಗಳ ಚಿತ್ರಸಂಗ್ರಹದಲ್ಲಿ ಅದೇ ಬಗೆಯ ನಾಣ್ಯಗಳನ್ನು ಹುಡುಕಿ. ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯಗಳ ಚಿತ್ರ ಒಂದೇ ಇರಬಹುದು. ಅಂಚಿನ ಬಿರುಕು, ಗೀರು, ಸವೆತ ಒಂದೇ ಇರಲಾರದು. ಅದೂ ಒಂದೇ ಆಗಿದ್ದರೆ ಎರಡಲ್ಲಿ ಒಂದಾದರೂ ನಕಲಿ, ಬಹುಮಟ್ಟಿಗೆ ಎರಡೂ. ಯುರೋಪಿನಲ್ಲಿ ಇರುವ ಕನ್ನಡಿಗರು ಮಿಲಾನಿನ ಸ್ಫೋರ್ಟ್ಸಾ ಕೋಟೆಗೆ ಹೋಗಿ ಬನ್ನಿ. ನಗರದ ನಾಣ್ಯಸಂಗ್ರಹ ಇರುವುದು ಅಲ್ಲೇ.

ಹಂತ 7: ಕ್ಯಾಟಲಾಗ್ ಸಂಖ್ಯೆ

ಹರಾಜಿನ ವಿವರಣೆಯಲ್ಲಿ 'ಸಿಎನ್‌ಐ' ಎಂದು ಬರೆದು ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಇಟಲಿಯ ನಾಣ್ಯಗಳ ಬೃಹತ್ ಪಟ್ಟಿ ಅದು, 20 ಸಂಪುಟ, ಸ್ವತಃ ನಾಣ್ಯಸಂಗ್ರಾಹಕನಾಗಿದ್ದ ಇಟಲಿಯ ದೊರೆ ಮೂರನೇ ವಿಟ್ಟೋರಿಯೊ ಇಮಾನುಯೆಲೆಯ ಕೆಲಸ. ಮಿಲಾನ್ ಇರುವುದು ಐದನೇ ಸಂಪುಟದಲ್ಲಿ. ಮಾರುವವರು ಕೊಟ್ಟ ಸಂಖ್ಯೆಯನ್ನು ತೆರೆದು, ನಿಮ್ಮ ನೋಟ್‌ಬುಕ್ಕಿನ ಅಂಚುಬರಹದೊಂದಿಗೆ ಅಕ್ಷರ ಅಕ್ಷರ ತಾಳೆನೋಡಿ. ಈ ಪಟ್ಟಿಯಲ್ಲಿ ಒಂದು ಚುಕ್ಕೆ ಬದಲಾದರೂ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಅಂಥ ಸಣ್ಣ ವ್ಯತ್ಯಾಸಕ್ಕೆ "ಅಪರೂಪ" ಎಂದು ಹೆಚ್ಚು ಹಣ ಕೇಳಿದರೆ ಕೊಡಬೇಡಿ.

ಹಂತ 8: ಕೊಳ್ಳುವ ಮುನ್ನ ಕಾಗದಪತ್ರ

ಇಟಲಿಯಿಂದ ಹಳೆಯ ನಾಣ್ಯ ಹೊರತರಲು ಅಲ್ಲಿನ ಸರ್ಕಾರದ ರಫ್ತು ಪರವಾನಗಿ ಬೇಕು. ಅದನ್ನು ಮಾಡಿಸಿಕೊಡುವವರು ಯಾರು, ಎಷ್ಟು ದಿನ ಹಿಡಿಯುತ್ತದೆ ಎಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. "ಮಣ್ಣಿನಿಂದ ತೆಗೆದ ಹಾಗೇ ಇದೆ" ಎಂದು ಹೊಗಳಿ ಮಾರುವ ನಾಣ್ಯಗಳಿಂದ ದೂರ ಇರಿ. ಎಲ್ಲಿ ಸಿಕ್ಕಿತು, ಯಾರ ಸಂಗ್ರಹದಿಂದ ಬಂತು ಎಂಬ ದಾಖಲೆ ಇಲ್ಲದ ನಾಣ್ಯ ಎಷ್ಟು ಅಗ್ಗವಾದರೂ ಬೇಡ.

ಭಾರತಕ್ಕೆ ತರಿಸುವವರು ಒಂದು ವಿಷಯ ತಿಳಿದಿರಲೇಬೇಕು. ನಮ್ಮ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ಇಲ್ಲಿಗೆ ಬಂದ ಮೇಲೆ "ಇಷ್ಟವಾಗಲಿಲ್ಲ, ವಾಪಸ್ ಕಳಿಸುತ್ತೇನೆ" ಎಂಬ ದಾರಿ ಮುಚ್ಚಿದ ಹಾಗೆಯೇ. ಹರಾಜು ಸಂಸ್ಥೆ ಹಿಂದಿರುಗಿಸಲು ಎಷ್ಟೇ ದಿನ ಅವಕಾಶ ಕೊಟ್ಟರೂ ನಿಮಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಅನುಮಾನವಿದ್ದರೆ ನಾಣ್ಯ ಇನ್ನೂ ಅಲ್ಲಿರುವಾಗಲೇ ಹೆಚ್ಚಿನ ಚಿತ್ರ, ಅಂಚಿನ ಚಿತ್ರ, ತೂಕ ಎಲ್ಲ ಕೇಳಿ ತರಿಸಿಕೊಳ್ಳಿ. ಬಿಲ್ಲು, ಪರವಾನಗಿ, ಕಸ್ಟಮ್ಸ್ ರಸೀದಿ ಮೂರನ್ನೂ ನಾಣ್ಯದ ಜೊತೆಗೇ ಇಡಿ.

ಹಂತ 9: ಇಟ್ಟುಕೊಳ್ಳುವುದು

ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ಮನೆಯ ಬೆಳ್ಳಿಗೆ ಒಪ್ಪುವ ವಿಭೂತಿ ಐನೂರು ವರ್ಷದ ನಾಣ್ಯದ ಮೈಯನ್ನು ಗೀರಿ ಹಾಕುತ್ತದೆ. ಹುಳಿ ಬಿಲ್ಲನ್ ನಾಣ್ಯದ ಮೇಲ್ಪದರದ ತಾಮ್ರವನ್ನು ತಿಂದುಬಿಡುತ್ತದೆ. ಆ ಕಪ್ಪು ಬೂದು ಬಣ್ಣ ಕೊಳೆಯಲ್ಲ, ಬೆಳ್ಳಿ ಕಾಲಕ್ರಮದಲ್ಲಿ ಪಡೆದ ಹೊದಿಕೆ; ಬಲ್ಲವರು ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಧೂಳು ಹೋಗಬೇಕಿದ್ದರೆ ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಲು ಬಿಡಿ.

ಮೆತ್ತಗೆ ಬಾಗುವ, ಪ್ಲಾಸ್ಟಿಕ್ ವಾಸನೆ ಬರುವ ಪಿವಿಸಿ ಲಕೋಟೆಗಳಲ್ಲಿ ಇಡಬೇಡಿ, ಕೆಲವು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಪಿವಿಸಿ ಇಲ್ಲದ ಗಟ್ಟಿ ಲಕೋಟೆ ಕೇಳಿ ತನ್ನಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಓಕ್ ಮರದ ಪೆಟ್ಟಿಗೆಯೂ ಒಳ್ಳೆಯದಲ್ಲ, ಅದರ ಆವಿಯಲ್ಲಿ ಆಮ್ಲ ಇರುತ್ತದೆ.

ಪ್ರತಿ ಲಕೋಟೆಯಲ್ಲೂ ಒಂದು ಚೀಟಿ ಇರಲಿ: ಡ್ಯೂಕನ ಹೆಸರು, ಮುಖಬೆಲೆ, ತೂಕ, ವ್ಯಾಸ, ನೀವು ಓದಿದ ಅಂಚುಬರಹ ಚುಕ್ಕೆಗಳ ಸಮೇತ, ಎಲ್ಲಿಂದ ಯಾವ ದಿನ ಕೊಂಡದ್ದು. ಮಾರಿದವರು ಕೊಟ್ಟ ಹಳೆಯ ಚೀಟಿಯಲ್ಲಿ ತಪ್ಪಿದ್ದರೂ ಎಸೆಯಬೇಡಿ, ಅದರ ಹಿಂದೆ ನಿಮ್ಮದನ್ನು ಸೇರಿಸಿ ಇಡಿ. ನಾಣ್ಯ ಯಾರ ಯಾರ ಕೈಯಿಂದ ಬಂತು ಎಂಬುದಕ್ಕೆ ಮುಂದೆ ಕೇಳುವವರಿಗೆ ತೋರಿಸಲು ಆ ಚೀಟಿ ಬೇಕಾಗುತ್ತದೆ.